ಅತ್ತೆಯ ಪಾಲಿನ ಮದ್ದು

ಬಸ್ ಕಂಡಕ್ಟರ್ ಕಸ್ತೂರಿ ಆಸ್ಪತ್ರೆಯ ಮಂಚದ ಮೇಲೆ ಚಳಿಜ್ವರಕ್ಕೆ ಗಡಗಡ ನಡುಗುತ್ತಿದ್ದಳು. ದಿನವಿಡೀ ಮೂತ್ರ ತಡೆದುಕೊಂಡು ದುಡಿದವಳಿಗೆ ಹತ್ತಿದ ಸೋಂಕು ಮೂತ್ರಪಿಂಡಕ್ಕೇರಿತ್ತು. ಹಳೆಯ ಯಾವ ಮಾತ್ರೆಗೂ ಆ ರೋಗಾಣು ಬಗ್ಗುತ್ತಿರಲಿಲ್ಲ. ಬಗ್ಗಿಸಬಲ್ಲ ಒಂದೇ ಚುಚ್ಚುಮದ್ದನ್ನು, ಅದಕ್ಕೂ ರೋಗಾಣು ಒಗ್ಗಿಬಿಡಬಾರದೆಂದು, ಸರ್ಕಾರ ಒಬ್ಬೊಬ್ಬರಿಗೆ ಜನ್ಮಕ್ಕೊಮ್ಮೆ ಮಾತ್ರ ಕೊಡುತ್ತಿತ್ತು. ಅವಳ ಪಾಲು ಕೂಸಿದ್ದಾಗಲೇ ಮುಗಿದಿತ್ತು.

"ನನ್ನ ಪಾಲಿಂದು ಇಕಿಗೆ ಹಾಕ್ರಿ," ಎಂದು ಅತ್ತೆ ನೀಲವ್ವ ಒಪ್ಪಿಗೆಯ ಗುರುತು ಒತ್ತಲು ನರ್ಸ್ ಮುಂದೆ ಹೆಬ್ಬೆರಳು ಚಾಚಿದಳು.

"ಬ್ಯಾಡ್ರಿ ಅತ್ತಿ, ನಾಳೆ ನಿಮಗ ಏನರ ಆದ್ರ?"

"ನೀ ಸುಮ್ನ ಮಲ್ಕೋ."

ನರ್ಸ್ ಸೂಜಿ ಚುಚ್ಚಿದಳು. ಜ್ವರ ಇಳಿಯುವವರೆಗೂ ನೀಲವ್ವ ಸೊಸೆಯ ಕೈ ಬಿಡಲಿಲ್ಲ.

ಗುಣವಾಗಿ ಮನೆಗೆ ಬಂದ ಕಸ್ತೂರಿ, ಬದನೆಕಾಯಿ ಹೆಚ್ಚುತ್ತಿದ್ದ ಅತ್ತೆಯ ಮುಂದಿನಿಂದ ಈಳಿಗೆಯನ್ನು ಸರಕ್ಕನೆ ಎಳೆದುಕೊಂಡಳು.

"ಇನ್ನ ಮ್ಯಾಲೆ ನಿಮಗ ಒಂದು ಗೀರೂ ಬೀಳಬಾರದ್ರಿ," ಎಂದಳು.