ಗಂಟಲ ಮೇಲೆ ಕತ್ತಿ

"ಮಾತಾಡ್ಬೇಡಿ ಮಾವ, ಕುಯ್ದುಬಿಡುತ್ತೆ," ಎಂದು ಕ್ಷೌರಿಕ ಅಳಿಯ ಕತ್ತಿಯನ್ನು ಮಾವನ ಗಂಟಲ ಮೇಲೆ ಹಾಗೇ ನಿಲ್ಲಿಸಿದ. ನಂಬರು ಹೇಳಲು ಬಾಯಿ ತೆರೆದಿದ್ದ ಮಾವ ನೊರೆ ಮೆತ್ತಿದ ಮುಖದಲ್ಲೇ ಕಲ್ಲಾದರು. ಅವರ ಕೈಯಲ್ಲಿದ್ದ ಫೋನಿನ ಸ್ಪೀಕರ್ ಮಾತ್ರ ಸುಮ್ಮನಾಗಲಿಲ್ಲ. "ಬ್ಯಾಂಕಿನಿಂದಲೇ ಸಾರ್. ಈಗ ಮೆಸೇಜಲ್ಲಿ ಬಂದ ನಂಬರು ಹೇಳಿ, ಇಲ್ಲಾಂದ್ರೆ ಖಾತೆ ಬಂದ್ ಆಗುತ್ತೆ. ಪಕ್ಕದಲ್ಲಿರೋರಿಗೆ ಹೇಳ್ಬೇಡಿ."

ಆ ಕೊನೆಯ ಮಾತಿಗೇ, ಇದು ಮೋಸವೆಂಬ ಅಳಿಯನ ಅನುಮಾನ ಗಟ್ಟಿಯಾಯಿತು. ಖಾತೆಯಲ್ಲಿದ್ದದ್ದು ಅತ್ತೆಯ ಕಣ್ಣಿನ ಆಪರೇಷನ್ನಿಗೆ ಕೂಡಿಟ್ಟ ದುಡ್ಡು. ನಂಬರು ಹೇಳಬೇಡಿ ಎಂದು ಅಳಿಯ ಅಂದದ್ದಕ್ಕೆ ಮಾವ ಆಗಲೇ ಗದರಿದ್ದರು: "ಗಡ್ಡ ನೀನು ನೋಡ್ಕೋ, ಫೋನು ನಾನು ನೋಡ್ಕೋತೀನಿ." ಒಂದು ವೇಳೆ ಇವರು ನಿಜವಾಗಿ ಬ್ಯಾಂಕಿನವರೇ ಆಗಿದ್ದರೆ? ಹಾಗಂದುಕೊಳ್ಳುತ್ತಲೇ ಅಳಿಯ ಕತ್ತಿಯ ಹಿಡಿ ಬಿಗಿಮಾಡಿದ. ಅಲಗಿನ ಕೆಳಗೆ ಮಾವನ ಗಂಟಲು ಏರಿ ಇಳಿಯಿತು.

"ಸಾರ್? ಟೈಮ್ ಮುಗೀತಿದೆ ಸಾರ್." ಮಾವ ಕನ್ನಡಿಯಲ್ಲೇ ಕಣ್ಣು ಕೆಕ್ಕರಿಸಿದರು. ಅಳಿಯ ಕತ್ತಿ ತೆಗೆಯಲಿಲ್ಲ. ಫೋನಿನ ದನಿ ಏರಿತು.

"ಹೇಳೋ ಮುದುಕಾ! ಬಾಯಿ ಬಿದ್ದೋಗಿದ್ಯೇನೋ?"

ಕೆಕ್ಕರಿಸಿದ್ದ ಕಣ್ಣು ಮೆಲ್ಲಗೆ ಸಡಿಲವಾಯಿತು. ಮಾವ ಕತ್ತು ಅಲುಗಿಸದೆ, ಹೆಬ್ಬೆರಳನ್ನು ತಾವೇ ಸರಿಸಿ ಫೋನ್ ಕಟ್ ಮಾಡಿಬಿಟ್ಟರು.