ಒಳಗೆ ಜಾಗ ಇದೆ

ನಾಯಿ ಬೊಗಳುತ್ತಲೇ ಇತ್ತು. ಅವನು ಗೋಡೆ ನೋಡುತ್ತಿದ್ದ. ನಡುಮನೆಯ ಗೋಡೆಯಲ್ಲಿ ಮಾಸದೆ ಉಳಿದ ಒಂದು ಚೌಕ, ಅದರ ಮೇಲೊಂದು ಮೊಳೆ. ಅಲ್ಲಿದ್ದ ಫೋಟೋವನ್ನು ಈಚೆಗೆ ಯಾರೋ ಇಳಿಸಿದ್ದರು. ಮಲಗುವ ಕೋಣೆಯಲ್ಲೂ ಅಂಥದ್ದೇ ಗುರುತು. ಗಂಡ ಇವತ್ತಲ್ಲ ನಾಳೆ ಬರುತ್ತಾನೆ ಎನ್ನುವ ಹೆಂಗಸು ಅವನ ಫೋಟೋಗಳನ್ನೇಕೆ ಇಳಿಸುತ್ತಾಳೆ?

ಹೋಗಲಿ, ಅವನಿಗೇನು. ಅವನು ಬಂದದ್ದು ನಾಯಿ ನೋಡಿಕೊಳ್ಳಲು.

ಅವಳ ಪರಿಚಯವಾದದ್ದು ಆಸ್ಪತ್ರೆಯಲ್ಲಿ. ಅವನು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಮಲಗಿದ್ದಾಗ, ಅವಳು ಗಂಡನಿಗಾಗಿ ಅದೇ ವಾರ್ಡಿನಲ್ಲಿ ಬೀಡುಬಿಟ್ಟಿದ್ದಳು. ಅವನಿಗೆ ಊಟ ಬಡಿಸಿದ್ದೂ ಅವಳೇ. ಪುಣ್ಯಾತ್ಗಿತ್ತಿ ಅಂದುಕೊಂಡ. ಡಿಸ್ಚಾರ್ಜ್ ಆದ ದಿನ ಎಲ್ಲಿಗೆ ಹೋಗುವುದೆಂದು ತಿಳಿಯದೆ ಗೇಟಿನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಬಂದು ನಿಂತಳು.

"ನಮ್ಮನೇಲಿ ಒಂದು ನಾಯಿ ಇದೆ. ಒಂದೇ ಸಮ ಬೊಗಳುತ್ತೆ. ನಮ್ಮನೆಯವರು ಬರೋವರೆಗೂ ಸ್ವಲ್ಪ ನೋಡ್ಕೋತೀರಾ?"

ತಲೆಯಾಡಿಸಿದ. ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವಳು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಬಾಗಿಲು ತೆಗೆದದ್ದೇ ತಡ, ಹರಿದ ಕಿವಿಯ ಆ ಕಂದು ನಾಯಿ ಅವನ ಮೈಮೇಲೆ ಎಗರಿತು. ಅವನು ತಳ್ಳಿದ. ಆಗ ಹಿಡಿದ ಬೊಗಳು ಇನ್ನೂ ಬಿಟ್ಟಿರಲಿಲ್ಲ.

"ಹೆಸರೇನು ಇದರದ್ದು?"

"ನಿಮ್ಮ ಬಾಯಿಗೆ ಏನು ಬರುತ್ತೋ ಹಾಗೆ ಕರೀರಿ."

ಬಾಯಿಗೆ ಬಂದದ್ದು 'ಏಯ್' ಒಂದೇ. ಪರದೆ ಎಳೆದ, ರೇಡಿಯೋ ಹಾಕಿದ, ಚೆಂಡು ಎಸೆದ, ನಾಲಿಗೆ ಜೋತುಬೀಳುವಷ್ಟು ಹೊತ್ತು ಬೀದಿ ಸುತ್ತಿಸಿದ. ಮನೆಗೆ ಬಂದು ನೀರು ಕುಡಿದು, ಅವನ ಎದುರಿಗೇ ನಿಂತು ಮತ್ತೆ ಶುರು. ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲವಂತೆ. ಇರಬಹುದು. ಆದರೆ ಕೆಳಗಿನ ಮನೆಯ ರಿಟೈರ್ಡ್ ಹೆಡ್‌ಮಾಸ್ಟರರ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು, ಮತ್ತು ಆ ಕಟ್ಟಡ ಅವರದ್ದು.

ಅವರು ಮೆಟ್ಟಿಲು ಹತ್ತಿ ಬಂದರು. "ಭಾನುವಾರದವರೆಗೆ ನೋಡ್ತೀನಮ್ಮ. ಆಮೇಲೂ ಹೀಗೇ ಆದ್ರೆ ವ್ಯಾನಿನವನಿಗೆ ಹೇಳಿ ಊರಾಚೆ ಬಿಡಿಸ್ತೀನಿ. ನಿನ್ನ ಕಷ್ಟ ನಂಗೆ ಗೊತ್ತು. ಆದ್ರೆ ನಾನೂ ಮನುಷ್ಯನೇ ತಾನೇ?" ಆಮೇಲೆ ಇವನತ್ತ ತಿರುಗಿ, "ನೀವಾದ್ರೂ..." ಅಂದವರು ಮಾತು ನುಂಗಿಕೊಂಡು ಇಳಿದುಹೋದರು.

ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. "ನಾಯಿನೂ ಹೋದ್ರೆ ನಮ್ಮನೆಯವರು ಯಾವ ಗುರುತು ಹಿಡ್ಕೊಂಡು ಬರ್ತಾರೆ?"

ಅಳುತ್ತಿದ್ದಳು. ಅವನಿಗೆ ಏನೂ ಅನ್ನಿಸಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಹಾಗೆಯೇ. ಹಸಿವು, ಬಿಸಿಲು, ಕಣ್ಣೀರು ಎಲ್ಲವೂ ಪಕ್ಕದ ಮನೆಯ ಸುದ್ದಿ. ಆದರೂ ಒಪ್ಪಿಕೊಂಡ ಕೆಲಸ ಕೆಲಸವೇ.

"ಯಜಮಾನರದ್ದು ಒಂದು ಹಳೇ ಅಂಗಿ ಕೊಡಿ. ವಾಸನೆ ಸಿಕ್ಕಿದ್ರೆ ಸುಮ್ನಾದ್ರೂ ಆಗಬಹುದು."

ಅವಳು ಬೀರುವಿನಿಂದ ಬಸ್ ಕಂಡಕ್ಟರರ ಖಾಕಿ ಅಂಗಿ ತಂದಳು. ಜೇಬಿನ ಅಂಚಿಗೆ ಪೆನ್ನಿನ ಮಸಿ ಹತ್ತಿತ್ತು. ಕೊಟ್ಟವಳು ಹೋಗದೆ ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಅಂಗಿಯನ್ನು ಚಾಪೆಯ ಮೇಲೆ ಹಾಸಿದ. ನಾಯಿ ಅಂಗಿ ಮೂಸಿತು. ಅವನ ಕೈ ಮೂಸಿತು. ಮೊದಲಿಗಿಂತ ಜೋರಾಗಿ ಬೊಗಳತೊಡಗಿತು.

ಅವನಿಗೆ ಲೆಕ್ಕ ಸಿಕ್ಕಿತು. ಗಂಡ ಸತ್ತಿದ್ದಾನೆ. ನಾಯಿಗೆ ಗೊತ್ತಾಗಿದೆ, ಹೆಡ್‌ಮಾಸ್ಟರರಿಗೂ ಗೊತ್ತಿದೆ. ಇವಳೊಬ್ಬಳು ಒಪ್ಪಿಕೊಳ್ಳುತ್ತಿಲ್ಲ. ಪಾಪ ಅನ್ನಿಸಬೇಕಿತ್ತು, ಅದೂ ಅನ್ನಿಸಲಿಲ್ಲ.

"ನಿಜ ಹೇಳಿ, ನಿಮ್ಮ ಯಜಮಾನರು ಇದಾರಾ?"

"ಇದಾರೆ. ಅವಸರ ಮಾಡಬೇಡಿ ಅಂದಿದಾರೆ ಡಾಕ್ಟರು." ಸೆಟೆದುಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ವ್ಯಾನಿನವನು ಹಗ್ಗ ಹಿಡಿದು ಬಂದ. ನಾಯಿ ಹೊಸ್ತಿಲ ಮೇಲೆ ನಾಲ್ಕೂ ಕಾಲು ಊರಿ ಅರಚತೊಡಗಿತು. ಹೊರಗಿನಿಂದ ವ್ಯಾನಿನವನು ಎಳೆಯುತ್ತಿದ್ದ, ಒಳಗಿನಿಂದ ಅವಳು ತಬ್ಬಿ ಹಿಡಿದಿದ್ದಳು. ಹಿಂದಿನಿಂದ ಹೆಡ್‌ಮಾಸ್ಟರು, "ಹುಷಾರು ಕಣಯ್ಯಾ, ಕಚ್ಚೀತು!" ಎನ್ನುತ್ತ ತೂರಿಕೊಂಡರು. ಅಷ್ಟಗಲದ ಬಾಗಿಲಲ್ಲಿ ನೂಕುನುಗ್ಗಲು. ಯಾರೂ ಒಳಗಿಲ್ಲ, ಯಾರೂ ಹೊರಗಿಲ್ಲ.

ಒಳಗೆ ನಿಂತು ನೋಡುತ್ತಿದ್ದ ಅವನ ತಲೆ ಕೆಟ್ಟಿತು. ಎಷ್ಟೋ ದಿನದ ಮೇಲೆ ಕೋಪವೆಂಬುದು ಬಂತು. ಅಂಗೈಯಿಂದ ಬಾಗಿಲಿಗೆ ಎರಡು ಸಲ ಪಟಪಟ ಬಡಿದ.

"ಏಯ್ ಪಾಸು! ಬಾಗಿಲಲ್ಲಿ ನಿಲ್ಲಬೇಡ! ಮುಂದೆ ನಡಿ, ಮುಂದೆ ನಡಿ, ಒಳಗೆ ಜಾಗ ಇದೆ!"

ನಾಯಿ ಬಾಯಿ ಮುಚ್ಚಿತು. ಬಾಲ ಆಡಿಸುತ್ತ ಒಳಗೆ ನಡೆಯಿತು. ಕಿಟಕಿಯ ಪಕ್ಕದ ಕುರ್ಚಿ ಹತ್ತಿ, ಟಿಕೆಟ್ ತೆಗೆದುಕೊಂಡವರ ಹಾಗೆ ಗಂಭೀರವಾಗಿ ಕೂತಿತು.

ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಗ್ಗ ಸುತ್ತಪ್ಪಾ, ನಡಿ," ಎಂದು ವ್ಯಾನಿನವನನ್ನು ಕರೆದುಕೊಂಡು ಇಳಿದರು.

"ಪಾಸು ಅಂತ ಅದರ ಹೆಸರು ನಾನು ನಿಮಗೆ ಹೇಳೇ ಇರ್ಲಿಲ್ಲ," ಅಂದಳು ಅವಳು.

"ಬಾಯಿಗೆ ಬಂತು, ಕರೆದೆ."

ಅವಳು ಹಾಸಿಗೆಯಡಿಯಿಂದ ಒಂದು ಫೋಟೋ ಎಳೆದು, ಅಂಗೈಯಲ್ಲಿ ಧೂಳು ಒರೆಸಿ, ಅವನ ಕೈಗಿಟ್ಟಳು.

ಖಾಕಿ ತೊಟ್ಟು, ಒಂದು ಕೈ ಅವಳ ಹೆಗಲ ಮೇಲೂ ಇನ್ನೊಂದು ನಾಯಿಯ ತಲೆಯ ಮೇಲೂ ಇಟ್ಟು ನಗುತ್ತಿದ್ದ ಮನುಷ್ಯನನ್ನು ಅವನು ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದ.