ಹಲಸಿನ ಮೇಣ ಹತ್ತಿದ ಕಾರ್ಡು

ನನಗೆ ಆಗ ಹನ್ನೊಂದು ವರ್ಷ. ಐವತ್ತೈದು ವರ್ಷದ ಹಿಂದಿನ ಮಾತು. ಈಗಲೂ ಹಲಸು ಕೊಯ್ದು ಕೈಗೆ ಮೇಣ ಹತ್ತಿದರೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಸಾಗರದ ಗ್ಯಾರೇಜಿನಲ್ಲಿದ್ದ ಸೋದರಮಾವ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ಕಾರ್ಡು ತಂದಿದ್ದ. ಜಗಲಿಯ ಮೇಲೆ ಸುಣ್ಣದಲ್ಲಿ ಟ್ರ್ಯಾಕಿನ ಸುತ್ತು ಬರೆದು ಮನೆಗಳನ್ನು ಹಾಕಿದ. ಕಾರ್ಡಿನಲ್ಲಿ ಬಂದ ಅಂಕಿಯಷ್ಟು ಮನೆ ಮುಂದೆ ಹೋಗಬೇಕು. ಕೆಂಪು ಅಂಚಿನ, ಸವಾರ ಬಿದ್ದ ಕಾರ್ಡು ಬಂದರೆ ಸೋತಂತೆ.

"ಈ ಬೈಕಿಗೆ ಬ್ರೇಕೇ ಇಲ್ಲ ಕಣ್ರೇ" ಎಂದ, ಕಾರ್ಡಿನ ಚಿತ್ರ ತೋರಿಸಿ. ನಮಗೆ ಹುಚ್ಚು ಹಿಡಿದದ್ದು ಅದಕ್ಕೇ.

ಗೆದ್ದವಳನ್ನು ಮರುದಿನ ತನ್ನ ಬೈಕಿನಲ್ಲಿ ಸಾಗರಕ್ಕೆ ಕರೆದೊಯ್ಯುವುದು ಪಂದ್ಯ. ಹಲಸಿನ ತೊಳೆ ಬಿಡಿಸುತ್ತಿದ್ದ ನಾನು ಮೇಣ ಹೋಗಲು ಕೈಗೆ ಎಣ್ಣೆಯನ್ನೂ ಸವರದೆ ಅಕ್ಕನ ಎದುರು ಕೂತೆ.

"ಅವ್ಳಿಗೆ ಮುಂದಿನ ತಿಂಗ್ಳು ಮದ್ವೆ. ಆಮೇಲೆ ಯಾರು ಬೈಕ್ ಹತ್ತಿಸ್ತಾರೆ? ನೀನೇ ಸೋಲೇ" ಎಂದಳು ಅಮ್ಮ ನನಗೆ.

"ಸೋತು ಕೊಡೂದು ಬ್ಯಾಡ. ನಾನು ಗೆದ್ದೇ ಹೋಗ್ತೀನಿ" ಎಂದಳು ಅಕ್ಕ.

ಕೊನೆಗೆ ಅವಳಿಗೆ ಒಂದು ಮನೆ ಬಾಕಿ, ನನಗೆ ಮೂರು. ನನ್ನ ಸರದಿ. ಕಟ್ಟಿನ ಮೇಲಿನ ಕಾರ್ಡು ಎತ್ತಿ ತಿರುಗಿಸಿದೆ. ಮೂರು! ಆದರೆ ಕಾರ್ಡು ದಪ್ಪ ಇತ್ತು. ನನ್ನ ಕೈಯ ಮೇಣಕ್ಕೆ ಎರಡು ಅಂಟಿಕೊಂಡಿದ್ದವು. ಉಗುರಿನಿಂದ ತುಸು ಬಿಡಿಸಿದೆ. ಕಟ್ಟಿನಲ್ಲಿ ಮೇಲಿದ್ದು, ನಿಜಕ್ಕೂ ನನಗೆ ಬಂದ ಕಾರ್ಡಿಗೆ ಕೆಂಪು ಅಂಚು.

ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮೂರನ್ನು ಎಲ್ಲರಿಗೂ ತೋರಿಸಿದೆ.

ಅಕ್ಕ ನನ್ನ ಕೈಯಲ್ಲಿದ್ದ ಕಾರ್ಡು ನೋಡಿದಳು. ಆಮೇಲೆ ನಕ್ಕು, "ಹೋಗ್ ಮಾರಾಯ್ತಿ, ನನ್ನ ಪಾಲಿನ ಗಾಳೀನೂ ಕುಡ್ಕೊಂಡ್ ಬಾ" ಎಂದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಕೊಬ್ಬರಿ ಎಣ್ಣೆ ಸವರಿ ಆ ಎರಡು ಕಾರ್ಡು ಬಿಡಿಸಿ ಕಟ್ಟಿನೊಳಗೆ ಸೇರಿಸಿದೆ. ಹೋಗಿ ಮಾವನ ಹಿಂದೆ ಕೂತೆ.